ಬಿದ್ದುದನ್ನು ನಿಲ್ಲಿಸುವುದು

ಮನುಷ್ಯನು ಕಟ್ಟಿದುದೆಲ್ಲವೂ ಒಂದು ದಿನ ಬೀಳುವುದೆಂಬ ಮಾತಿನಲ್ಲಿ ವಿವಾದವೇನೂ ಇಲ್ಲ. ವಿವಾದವು ಹುಟ್ಟುವುದು ಬಿದ್ದ ಮೇಲೆ. ಬಿದ್ದುದನ್ನು ಬಿದ್ದ ಹಾಗೆಯೇ ಬಿಡುವುದು ಅದಕ್ಕೆ ಸಲ್ಲತಕ್ಕ ಗೌರವವೋ, ಅಥವಾ ಕೈಲಾದಷ್ಟನ್ನು ಎತ್ತಿ ಮತ್ತೆ ನಿಲ್ಲಿಸುವುದು ಗೌರವವೋ? ಪಂಡಿತರ ಗೋಷ್ಠಿಗಳಲ್ಲಿ ಇದು ವಾಸ್ತುಶಿಲ್ಪದ ಒಂದು ಪ್ರಶ್ನೆಯಂತೆ ಚರ್ಚೆಗೆ ಬರುತ್ತದೆ. ಆದರೆ ಸ್ವಲ್ಪ ಕೆದಕಿದರೆ ಅದು ಶಿಲ್ಪದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಸತ್ತವರ ಹೆಸರಿನಲ್ಲಿ ಬದುಕಿರುವವರು ಏನು ಮಾಡಬಹುದು, ಏನು ಮಾಡಬಾರದು ಎಂಬುದೇ ಅದರ ಒಳತಿರುಳು. ತಂದೆಯು ಹೋದ ಮೇಲೆ ಅವನ ಕೊಠಡಿಗೆ ಬೀಗ ಹಾಕಿ, ಅಲ್ಲಿಯ ಒಂದು ವಸ್ತುವನ್ನೂ ಕದಲಿಸದೆ ಇಡುವ ಮಗನೂ ಉಂಟು; ಮರುವರ್ಷವೇ ಅಲ್ಲಿ ತನ್ನ ಮಕ್ಕಳನ್ನು ಮಲಗಿಸುವ ಮಗನೂ ಉಂಟು. ಇಬ್ಬರಲ್ಲಿ ತಂದೆಯನ್ನು ಹೆಚ್ಚಾಗಿ ಪ್ರೀತಿಸಿದವನು ಯಾರೆಂದು ಹೊರಗಿನವನು ಹೇಳಲಾರನು.

ಈ ಪ್ರಶ್ನೆಯನ್ನು ಒಂದೇ ಹಗಲಿನಲ್ಲಿ ಹಲವು ಮುಖಗಳಿಂದ ನೋಡಬಯಸುವವನಿಗೆ ಗ್ರೀಸ್ ದೇಶದ ನೆಮೆಯಾ ಕಣಿವೆಗಿಂತ ತಕ್ಕ ಸ್ಥಳವು ಸುಲಭವಾಗಿ ದೊರೆಯದು. ಬೆಳಗ್ಗೆ ಆಥೆನ್ಸ್ ನಗರವನ್ನು ಬಿಟ್ಟರೆ ಅದು ಒಂದೂವರೆ ಗಂಟೆಯ ಹಾದಿ. ಎಡಗಡೆ ಸಮುದ್ರ, ಬಲಗಡೆ ಬೋಳುಗುಡ್ಡ. 1893ರಲ್ಲಿ ತೆರೆದ ಕಾರಿಂತ್ ಕಾಲುವೆಯನ್ನು ಸೇತುವೆಯ ಮೇಲೆ ದಾಟಿದೊಡನೆ ಪೆಲೊಪೊನೀಸಸ್ ಎಂಬ ದಕ್ಷಿಣದ ಭಾಗವು ಮೊದಲಾಗುತ್ತದೆ. ಅಲ್ಲಿಂದ ಒಳನಾಡಿನ ಕಡೆಗೆ ತಿರುಗಿ ಗುಡ್ಡಗಳ ನಡುವೆ ಹೋದರೆ, ಆಲಿವ್ ಮರಗಳು ವಿರಳವಾಗಿ ದ್ರಾಕ್ಷಿಯ ಸಾಲುಗಳು ದಟ್ಟವಾಗುತ್ತ ಬರುವುವು. ಕಣಿವೆಯ ಮಧ್ಯದಲ್ಲಿ, ದ್ರಾಕ್ಷಿತೋಟಗಳೇ ಸುತ್ತುಗಟ್ಟಿರುವ ಒಂದು ಬಯಲಿನಲ್ಲಿ, ಬೂದುಬಣ್ಣದ ಕಂಬಗಳು ಎದ್ದು ನಿಂತಿವೆ. ಅದು ಸ್ಯೂಸ್ ದೇವನ ಗುಡಿ. ಹೆರಾಕ್ಲೀಸನು ತನ್ನ ಹನ್ನೆರಡು ಸಾಹಸಗಳಲ್ಲಿ ಮೊದಲನೆಯದಾಗಿ ಸಿಂಹವನ್ನು ಕೊಂದುದು ಈ ಕಣಿವೆಯ ಗುಡ್ಡದಲ್ಲಿಯೇ ಎಂದು ಪುರಾಣವು ಹೇಳುತ್ತದೆ. ಸಿಂಹದ ಕಥೆಯಿಂದಲೇ ಹೆಸರಾದ ಊರೆಂದು ಬಂದವರು, ಸಿಂಹವನ್ನು ಬೇಗನೆ ಮರೆಯುವರು.

ಗುಡಿಯನ್ನು ಕಟ್ಟಿದುದು ಕ್ರಿ.ಪೂ. 330ರ ಸುಮಾರಿಗೆ, ಸುಣ್ಣಕಲ್ಲಿನಲ್ಲಿ. ಉದ್ದ ಸುಮಾರು 42 ಮೀಟರು, ಅಗಲ 20 ಮೀಟರು. ಸುತ್ತಲೂ 32 ಕಂಬಗಳು. ಡೋರಿಕ್ ಶೈಲಿಯ ಹಳೆಯ ಗುಡಿಗಳ ಕಂಬಗಳು ಮೋಟಾಗಿಯೂ ದಪ್ಪವಾಗಿಯೂ ಇರುವುದು ವಾಡಿಕೆ. ಇಲ್ಲಿಯವಾದರೋ ಹತ್ತು ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಸಣ್ಣನಡುವಿನವರಂತೆ ನಿಂತಿವೆ. ಹೊರಗೆ ಡೋರಿಕ್, ಒಳಗೆ ಕೆಳಗಡೆ ಕಾರಿಂತಿಯನ್, ಅದರ ಮೇಲೆ ಅಯೋನಿಕ್, ಹೀಗೆ ಮೂರು ಶೈಲಿಗಳನ್ನೂ ಶಿಲ್ಪಿಯು ಒಂದೇ ಗುಡಿಯಲ್ಲಿ ಕೂಡಿಸಿದ್ದನು. ಇಷ್ಟು ಪ್ರೀತಿಯಿಂದ ಕಟ್ಟಿದ ಗುಡಿಯ ಭಾಗ್ಯವು ಬಹುಕಾಲ ಉಳಿಯಲಿಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸ್ ದೇಶವನ್ನೆಲ್ಲ ಸುತ್ತಿ ಬರೆದಿಟ್ಟ ಪಾಸೇನಿಯಸನು ಇಲ್ಲಿಗೆ ಬಂದಾಗಲೇ ಛಾವಣಿಯು ಕುಸಿದಿತ್ತು, ಒಳಗೆ ವಿಗ್ರಹವಿರಲಿಲ್ಲ. ಆದರೂ ನೋಡತಕ್ಕ ಗುಡಿಯೆಂದೇ ಅವನು ಬರೆದಿರುವನು. ಹಾಳು ಎಂಬುದು ಈ ಕಾಲದವರ ಕಣ್ಣಿಗೆ ಮಾತ್ರ ಬಿದ್ದುದಲ್ಲ; ಹದಿನೆಂಟು ನೂರು ವರ್ಷಗಳ ಹಿಂದಿನ ಪ್ರವಾಸಿಯೂ ಹಾಳನ್ನೇ ನೋಡಿ, ಹಾಳನ್ನೇ ಮೆಚ್ಚಿ ಹೋದನು.

ಅನಂತರ ಕ್ರೈಸ್ತರು ಇಲ್ಲಿ ನೆಲಸಿದರು. ಐದು ಆರನೆಯ ಶತಮಾನಗಳ ಕಾಲದಲ್ಲಿ, ಆಟಕ್ಕೆ ಬರುತ್ತಿದ್ದವರ ಹಳೆಯ ಛತ್ರದ ತಳಪಾಯದ ಮೇಲೆ ಒಂದು ಇಗರ್ಜಿಯನ್ನು ಕಟ್ಟಿ, ಅದಕ್ಕೆ ಬೇಕಾದ ಕಲ್ಲನ್ನು ಗುಡಿಯಿಂದ ತೆಗೆದುಕೊಂಡರು. ಕಂಬಗಳು ಬಿದ್ದುದು ಬಹುಮಟ್ಟಿಗೆ ಭೂಕಂಪದಿಂದಲ್ಲ, ಕಲ್ಲು ಬೇಕಾಗಿದ್ದವರ ಕೈಯಿಂದ ಎಂಬುದು ಗಮನಿಸತಕ್ಕ ವಿಷಯ. ಹೊರಸುತ್ತಿನ ಒಂದು ಕಂಬ, ಮುಖಮಂಟಪದ ಎರಡು, ಒಟ್ಟು ಮೂರು ಮಾತ್ರ ಕಟ್ಟಿದಂದಿನಿಂದ ಅಲುಗದೆ ನಿಂತವು. ಉಳಿದವುಗಳ ದಿಂಡುಗಳು ಉರುಳಿದ ಕಡೆಯಲ್ಲಿಯೇ ಹುಲ್ಲಿನಲ್ಲಿ ಬಿದ್ದಿದ್ದುವು. ಯೂರೋಪಿನ ಚಿತ್ರಕಾರರು ಬಂದು ಚಿತ್ರ ಬರೆದುದು ಆ ಮೂರು ಕಂಬಗಳನ್ನೇ. ಮೂರು ಕಂಬಗಳೆಂಬುದೇ ನೆಮೆಯಾದ ರೂಪವೆಂದು ಜನರ ಮನಸ್ಸಿನಲ್ಲಿ ಊರಿಹೋಗಿತ್ತು.

ಈಗ ಹೋದವನಿಗೆ ಕಾಣುವುದು ಮೂರಲ್ಲ, ಒಂಬತ್ತು. ಅಮೆರಿಕೆಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯವರು, ಸ್ಟೀಫನ್ ಮಿಲ್ಲರ್ ಎಂಬ ಪ್ರಾಕ್ತನ ಶಾಸ್ತ್ರಜ್ಞರ ನೇತೃತ್ವದಲ್ಲಿ, 1970ರ ದಶಕದಿಂದ ಇಲ್ಲಿ ಅಗೆತವನ್ನು ನಡೆಸಿ, ಪ್ರತಿಯೊಂದು ದಿಂಡನ್ನೂ ಅಳೆದು, ಯಾವುದರ ಮೇಲೆ ಯಾವುದು ಕೂಡುತ್ತದೆಂಬುದನ್ನು ಗೊತ್ತುಮಾಡಿದರು. ಕಂಬವು ಮೇಲೆ ಹೋದಂತೆ ಸಣ್ಣದಾಗುವುದರಿಂದ ಪ್ರತಿ ದಿಂಡಿಗೂ ತನ್ನದೇ ಆದ ಒಂದು ಸ್ಥಾನವುಂಟು. ಅಳತೆಯು ಸರಿಯಾದರೆ ಕಲ್ಲು ತನ್ನ ನೆಲೆಯನ್ನು ತಾನೇ ಹೇಳುತ್ತದೆ. 2002ರಲ್ಲಿ ಎರಡು ಕಂಬಗಳು ಮೇಲೆದ್ದುವು. 2013ರ ಕೊನೆಯ ಹೊತ್ತಿಗೆ ಇನ್ನೂ ನಾಲ್ಕು.

ಇದು ಸರಿಯೇ? ಜಾನ್ ರಸ್ಕಿನ್ನನು 1849ರಲ್ಲಿಯೇ, ಹಳೆಯ ಕಟ್ಟಡವನ್ನು ಮರಳಿ ಮೊದಲಿನಂತೆ ಮಾಡುವುದೆಂಬುದು ಆದಿಯಿಂದ ಅಂತ್ಯದವರೆಗೆ ಒಂದು ಸುಳ್ಳೆಂದು ವಾದಿಸಿದ್ದನು. ಕಟ್ಟಿದವರ ಕೈಯೂ ಕಣ್ಣೂ ಮರಳಿ ಬರುವಂತಿಲ್ಲವೆಂಬುದು ಅವನ ತರ್ಕದ ಸಾರ. ಈ ತರ್ಕಕ್ಕೆ ನೆಮೆಯಾದಲ್ಲಿ ಇನ್ನೊಂದು ಬಲವೂ ಕೂಡುತ್ತದೆ. ಕಂಬಗಳನ್ನು ಕೆಡವಿದವರೂ ಮನುಷ್ಯರೇ ಅಲ್ಲವೆ? ಅವರಿಗೂ ಒಂದು ದೇವರಿದ್ದನು, ಅವರ ಇಗರ್ಜಿಯೂ ಈಗ ಹಾಳೇ. ಗುಡಿಯ ಕಂಬವನ್ನು ಎತ್ತುವವನು, ಈ ಕಣಿವೆಯ ಎರಡು ಸಾವಿರ ವರ್ಷಗಳಲ್ಲಿ ಒಂದು ಕಾಲವನ್ನು ಮೆಚ್ಚಿ ಮತ್ತೊಂದು ಕಾಲವನ್ನು ಒರಸುತ್ತಾನೆ. ಬಿದ್ದ ದಿಂಡುಗಳೂ ಒಂದು ಲೇಖವೇ. ಅವುಗಳನ್ನು ಎತ್ತಿದೊಡನೆ ಆ ಲೇಖದ ಒಂದು ಪುಟವು ಹೋಯಿತು.

ವಾದವು ಬಲವಾಗಿಯೇ ಇದೆ. ಆದರೆ ಅದನ್ನು ಆಡುವವರು ಸಾಮಾನ್ಯವಾಗಿ ಬಿದ್ದ ಕಲ್ಲಿನ ಪಕ್ಕದಲ್ಲಿ ಬಹಳ ಹೊತ್ತು ನಿಂತವರಲ್ಲ. ಸುಣ್ಣಕಲ್ಲು ಮಳೆಯಲ್ಲಿ ಕರಗುವ ಕಲ್ಲು. ನಿಂತ ಕಂಬದಿಂದ ನೀರು ಜಾರಿ ಹೋಗುವುದು. ಮಲಗಿದ ದಿಂಡಿನ ಗೀರುಗಳಲ್ಲಿ ಅದು ನಿಲ್ಲುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಸೀಳುವುದು. ಬಿದ್ದುದನ್ನು ಬಿದ್ದಂತೆಯೇ ಇಡುವುದು ಸಾಧ್ಯವೆಂಬ ಎಣಿಕೆಯೇ ಸರಿಯಲ್ಲ. ಬಿಟ್ಟುಬಿಡುವುದೆಂದರೆ ಇನ್ನಷ್ಟು ಬೀಳಗೊಡುವುದೆಂದೇ ಅರ್ಥ. ಕೈಕಟ್ಟಿ ನಿಂತವನಿಗೆ ತಾನು ಏನನ್ನೂ ಮಾಡಲಿಲ್ಲವೆಂಬ ಸಮಾಧಾನವು ಸಿಕ್ಕೀತು, ಅದು ನಿರ್ದೋಷದ ಸಮಾಧಾನವಲ್ಲ.

ಹಾಗೆಂದು ಕೈಹಾಕಿದವರೆಲ್ಲ ಒಳ್ಳೆಯದನ್ನೇ ಮಾಡಿದರೆಂದಲ್ಲ. ಆಥೆನ್ಸಿನ ಪಾರ್ಥೆನಾನಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಲಾನೋಸ್ ಎಂಬ ಎಂಜಿನಿಯರು ಬಿದ್ದ ಕಲ್ಲುಗಳನ್ನು ಬಹಳ ಶ್ರದ್ಧೆಯಿಂದ ಎತ್ತಿ ಕಬ್ಬಿಣದ ಕೊಂಡಿಗಳಿಂದ ಬಿಗಿಸಿದನು. ಹಳೆಯ ಗ್ರೀಕರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಅದರ ಸುತ್ತಲೂ ಸೀಸವನ್ನು ಕರಗಿಸಿ ಸುರಿದಿದ್ದರು. ಬಲಾನೋಸನು ಸೀಸವನ್ನು ಬಿಟ್ಟನು. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ, ಎರಡು ಸಾವಿರದ ಮುನ್ನೂರು ವರ್ಷ ತಡೆದಿದ್ದ ಅಮೃತಶಿಲೆಯನ್ನು ಕೆಲವೇ ದಶಕಗಳಲ್ಲಿ ಒಡೆಯಿತು. ಆಮೇಲೆ ಬಂದವರು ಅದನ್ನೆಲ್ಲ ಬಿಚ್ಚಿ ಟೈಟೇನಿಯಂ ಲೋಹದ ಕೊಂಡಿಗಳನ್ನು ಹಾಕಬೇಕಾಯಿತು. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಾದುದು ಸೀಸದಲ್ಲಿ. ಹಿಂದಿನವರನ್ನು ಪೂಜಿಸುವ ಉತ್ಸಾಹದಲ್ಲಿ ಅವರಿಂದ ಕಲಿಯುವುದನ್ನು ಮರೆಯುವುದು ಕಲ್ಲಿನ ಕೆಲಸದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಇಂತಹ ಅನುಭವಗಳಿಂದಲೇ 1931ರ ಆಥೆನ್ಸ್ ನಿಬಂಧನೆಯೂ 1964ರ ವೆನಿಸ್ ನಿಬಂಧನೆಯೂ ಹುಟ್ಟಿದುವು. ಬಿದ್ದ ಭಾಗಗಳು ಇದ್ದರೆ ಅವನ್ನೇ ಕೂಡಿಸಬಹುದು. ಇಲ್ಲದುದನ್ನು ಊಹಿಸಿ ಕಟ್ಟಕೂಡದು. ಅನಿವಾರ್ಯವಾಗಿ ಸೇರಿಸಿದ ಹೊಸ ಕಲ್ಲು ಹೊಸದೆಂದು ನೋಡಿದವರಿಗೆ ತಿಳಿಯುತ್ತಿರಬೇಕು ಎಂಬುದು ಅವುಗಳ ತಾತ್ಪರ್ಯ. ಕೊನೆಯ ಮಾತು ನೀತಿಯ ಮಾತು. ತೇಪೆಯನ್ನು ಹಾಕುವುದರಲ್ಲಿ ತಪ್ಪಿಲ್ಲ, ತೇಪೆಯನ್ನು ಮುಚ್ಚಿಡುವುದರಲ್ಲಿ ತಪ್ಪು. ನೆಮೆಯಾದ ಎತ್ತಿದ ಕಂಬಗಳಲ್ಲಿ ಹಳೆಯ ಬೂದುಕಲ್ಲಿನ ನಡುವೆ ಬಿಳಿಯ ಕಲ್ಲು ಎದ್ದು ಕಾಣುವುದನ್ನು ಅಂದಗೇಡೆಂದು ಹಳಿಯುವ ಪ್ರವಾಸಿಗಳುಂಟು. ಅವರು ಬಯಸುವ ಅಂದವು ಮೋಸದ ಅಂದವೆಂದು ಅವರಿಗೆ ಯಾರಾದರೂ ಹೇಳಬೇಕು.

ಕನ್ನಡದಲ್ಲಿ ಜೀರ್ಣೋದ್ಧಾರವೆಂಬ ಒಂದು ಮಾತುಂಟು. ಅದನ್ನು ಕೇಳಿ ಬೆಳೆದವನಿಗೆ ಗ್ರೀಕರ ಈ ಚರ್ಚೆಯು ಮೊದಲಿಗೆ ವಿಚಿತ್ರವಾಗಿ ತೋರುವುದು ಸಹಜ. ಹಳೆಯ ಗುಡಿಯು ಶಿಥಿಲವಾದರೆ ಅದನ್ನು ಎತ್ತಿ ಕಟ್ಟುವುದು ಪುಣ್ಯ. ಹೊಸ ಕಲ್ಲೇ ಹಳೆಯ ಕಲ್ಲೇ ಎಂಬ ಎಣಿಕೆಯು ಅಲ್ಲಿ ಏಳುವುದಿಲ್ಲ. ಆದರೆ ಒಂದು ಭೇದವನ್ನು ಮರೆಯಲಾಗದು. ಜೀರ್ಣೋದ್ಧಾರವು ದೇವರಿಗಾಗಿ, ಒಳಗೆ ದೀಪವನ್ನು ಹಚ್ಚುವವನಿರುವುದರಿಂದ ಗೋಡೆಯನ್ನು ಎತ್ತುವುದು. ನೆಮೆಯಾದಲ್ಲಿ ದೀಪವನ್ನು ಹಚ್ಚುವವರು ಯಾರೂ ಇಲ್ಲ. ಸ್ಯೂಸ್ ದೇವನಿಗೆ ಈ ಕಣಿವೆಯಲ್ಲಿ ಒಬ್ಬ ಭಕ್ತನೂ ಉಳಿದಿಲ್ಲ. ಒಕ್ಕಲಿಲ್ಲದ ಮನೆಗೆ ಬಾಗಿಲನ್ನು ನಿಲ್ಲಿಸಿದಂತೆ ಈ ಕೆಲಸ. ಹಾಗಾದರೆ ಎತ್ತಿದುದು ಯಾರಿಗಾಗಿ? ನೋಡುವವನಿಗಾಗಿ ಎಂಬ ಉತ್ತರವೊಂದೇ ಉಳಿಯುತ್ತದೆ. ಅದು ಸಣ್ಣ ಉತ್ತರವೆಂದು ತೋರಬಹುದು. ಆದರೆ ಮೂರು ಕಂಬಗಳನ್ನು ನೋಡಿದವನು ಹಾಳನ್ನು ನೋಡಿ ನಿಟ್ಟುಸಿರಿಟ್ಟನು; ಒಂಬತ್ತನ್ನು ನೋಡುವವನು ಒಂದು ಮೂಲೆಯು ತಿರುಗುವುದನ್ನೂ ಕಂಬಕ್ಕೂ ಕಂಬಕ್ಕೂ ನಡುವೆ ಬಿಟ್ಟ ಬೆಳಕಿನ ಅಳತೆಯನ್ನೂ ನೋಡಿ, ಇಲ್ಲಿ ಒಂದು ಬುದ್ಧಿಯು ಕೆಲಸ ಮಾಡಿತ್ತೆಂದು ಅರಿಯುವನು. ಕಟ್ಟಿದವನಿಗೆ ಸಲ್ಲಬೇಕಾದುದು ನಿಟ್ಟುಸಿರಿಗಿಂತ ಈ ಅರಿವೇ. ಮೂವತ್ತೆರಡನ್ನೂ ಎತ್ತಿ ಮೇಲೆ ಛಾವಣಿಯನ್ನೂ ಹೊದಿಸುವವರು ಬಂದರೆ ಆಗ ರಸ್ಕಿನ್ನನ ಮಾತನ್ನು ಮತ್ತೆ ನೆನೆಯಬೇಕಾದೀತು.

ಗುಡಿಯಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಒಂದು ಸುತ್ತುಗೋಡೆಯ ತಳಪಾಯವಿದೆ. ನೋಡುವುದಕ್ಕೆ ಏನೂ ಇಲ್ಲವೆಂದು ಬಹು ಮಂದಿ ಅದನ್ನು ದಾಟಿ ಹೋಗುವರು. ಅದು ಒಂದು ಕೂಸಿನ ಸ್ಮಾರಕ.

ನೆಮೆಯಾದ ದೊರೆ ಲೈಕರ್ಗಸನಿಗೆ ಒಫೆಲ್ಟೀಸ್ ಎಂಬ ಮಗನು ಹುಟ್ಟಿದನು. ನಡೆಯಲು ಕಲಿಯುವವರೆಗೆ ಕೂಸನ್ನು ನೆಲದ ಮೇಲೆ ಇಳಿಸಕೂಡದೆಂದು ದೈವವಾಣಿಯಾಯಿತು. ಅದನ್ನು ಸಾಕಲು ಹಿಪ್ಸಿಪಿಲೆ ಎಂಬವಳನ್ನು ದಾದಿಯಾಗಿ ನೇಮಿಸಿದರು. ಅವಳು ಹುಟ್ಟಾ ದಾಸಿಯಲ್ಲ. ಲೆಮ್ನಾಸ್ ದ್ವೀಪದ ರಾಣಿಯಾಗಿದ್ದು, ವಿಧಿಯ ವಶದಿಂದ ಮಾರಾಟವಾಗಿ ಬಂದವಳು. ಒಂದು ದಿನ ಥೀಬ್ಸ್ ನಗರದ ಮೇಲೆ ದಂಡೆತ್ತಿ ಹೋಗುತ್ತಿದ್ದ ಏಳು ಮಂದಿ ವೀರರು ಸೇನೆಯೊಡನೆ ಈ ದಾರಿಯಾಗಿ ಬಂದು ನೀರನ್ನು ಕೇಳಿದರು. ಚಿಲುಮೆಯ ದಾರಿಯನ್ನು ತೋರಿಸಲು ಅವಳು ಕೂಸನ್ನು ಕಾಡುಸೆಲರಿ ಎಂಬ ಸೊಪ್ಪಿನ ಮೆತ್ತೆಯ ಮೇಲೆ ಮಲಗಿಸಿ ಹೋದಳು. ಬರುವಷ್ಟರಲ್ಲಿ ಹಾವು ಕೂಸನ್ನು ಕೊಂದಿತ್ತು. ಏಳು ಮಂದಿ ವೀರರು ಹಾವನ್ನು ಕೊಂದು, ಕೂಸಿಗೆ ಅಂತ್ಯಕ್ರಿಯೆಯನ್ನು ಮಾಡಿ, ಅದರ ಗೌರವಕ್ಕಾಗಿ ಆಟದ ಪಂದ್ಯಗಳನ್ನು ನಡೆಸಿದರು. ಅವರಲ್ಲಿ ಜ್ಞಾನಿಯಾದ ಆಂಫಿಯರಾಸನು ಕೂಸಿಗೆ ಆರ್ಕೆಮೊರಸ್, ಎಂದರೆ ಕೇಡಿನ ಮೊದಲು, ಎಂದು ಹೆಸರಿಟ್ಟನು. ನೆಮೆಯಾದ ಆಟಗಳ ಮೂಲವು ಇದೆಂದು ಪ್ರತೀತಿ. ಚರಿತ್ರೆಗೆ ತಿಳಿದಂತೆ ಅವು ಕ್ರಿ.ಪೂ. 573ರಲ್ಲಿ ಆರಂಭವಾಗಿ, ಎರಡು ವರ್ಷಗಳಿಗೊಮ್ಮೆ ನಡೆದು, ಒಲಿಂಪಿಯ, ಡೆಲ್ಫಿ, ಇಸ್ತ್ಮಿಯಗಳ ಆಟಗಳ ಸಾಲಿನಲ್ಲಿ ಸೇರಿದುವು. ಗೆದ್ದವನಿಗೆ ಕೊಡುತ್ತಿದ್ದುದು ಕಾಡುಸೆಲರಿಯ ಒಂದು ದಂಡೆ, ಕೂಸನ್ನು ಮಲಗಿಸಿದ್ದ ಅದೇ ಸೊಪ್ಪು. ತೀರ್ಪುಗಾರರು ಕಪ್ಪು ಬಟ್ಟೆಯನ್ನು ಉಡುತ್ತಿದ್ದರು, ಸೂತಕದವರಂತೆ.

ಕಂಬಗಳ ಮುಂದೆ ಕೇಳಿದ ಪ್ರಶ್ನೆಯು ಇಲ್ಲಿ ಇನ್ನೊಂದು ರೂಪದಲ್ಲಿ ಬಂದು ನಿಲ್ಲುತ್ತದೆ. ಕೂಸನ್ನು ಯಾರೂ ಎತ್ತಿ ನಿಲ್ಲಿಸಲಾರರು. ಉಳಿಸಿಕೊಳ್ಳುವುದಕ್ಕೆ ವಸ್ತುವೇ ಇಲ್ಲದಲ್ಲಿ ಗ್ರೀಕರು ಒಂದು ನಡವಳಿಕೆಯನ್ನು ಇಟ್ಟುಕೊಂಡರು. ಯುವಕರು ಓಡುವರು, ಕುಸ್ತಿ ಹಿಡಿಯುವರು, ಜನರು ಕೂಗುವರು. ಆ ಕೂಗಿನ ನಡುವೆ ಕಪ್ಪುಬಟ್ಟೆಯ ಕೆಲವರು ಸುಮ್ಮನೆ ನಿಂತಿರುವರು. ದುಃಖವನ್ನು ಎಲ್ಲರ ಮೇಲೂ ಹೇರದೆ, ಎಲ್ಲರಿಂದಲೂ ತೆಗೆದುಹಾಕದೆ, ಕೆಲವರಿಗೆ ಒಪ್ಪಿಸಿ ಇಟ್ಟ ಈ ಏರ್ಪಾಡು ಬಹು ಸೂಕ್ಷ್ಮವಾದುದು. ದಂಡೆಯಾದರೋ ನಾಲ್ಕು ದಿನಗಳಲ್ಲಿ ಬಾಡುವುದು. ಚಿನ್ನದ ಕಿರೀಟವನ್ನು ಕೊಟ್ಟಿದ್ದರೆ ಗೆದ್ದವನಿಗೆ ತಾನು ಗೆದ್ದುದು ಮಾತ್ರ ನೆನಪಿರುತ್ತಿತ್ತು.

ಆದರೂ ಈ ಸ್ಮರಣೆಯಲ್ಲಿ ಒಂದು ಅನ್ಯಾಯವುಂಟು. ಆಟಗಳಲ್ಲಿ ಕೂಸಿನ ಹೆಸರು ಉಳಿಯಿತು, ವೀರರ ಹೆಸರುಗಳು ಉಳಿದುವು. ದಾದಿಗೆ ಅಲ್ಲಿ ಸ್ಥಳವಿಲ್ಲ. ಅವಳು ಮಾಡಿದುದಾದರೂ ಏನು? ಬಾಯಾರಿದವರಿಗೆ ನೀರನ್ನು ತೋರಿಸಿದಳು. ಕೇಳಿದವರಿಗೆ ನೀರಿಲ್ಲವೆನ್ನುವುದು ಯಾವ ನಾಡಿನಲ್ಲಿಯೂ ಪಾಪವೇ. ಕೂಸನ್ನು ಬರಿನೆಲದ ಮೇಲೆ ಇಡಬಾರದೆಂದು ಸೊಪ್ಪಿನ ಮೇಲೆ ಇಟ್ಟಳು. ದೈವವಾಣಿಯನ್ನು ಅವಳು ಮರೆತಿರಲಿಲ್ಲ, ಅದರ ಅಂಚಿನಲ್ಲಿ ನಡೆದಳು. ಎರಡು ಧರ್ಮಗಳು ಒಂದೇ ಗಳಿಗೆಯಲ್ಲಿ ಒಬ್ಬಳನ್ನೇ ಕರೆದಾಗ ಅವಳು ಎರಡಕ್ಕೂ ಓಗೊಡಲು ಹೋಗಿ ಒಂದನ್ನು ಕಳೆದುಕೊಂಡಳು. ಅದರ ಫಲವನ್ನು ನೋಡಿ ಅವಳನ್ನು ತಪ್ಪಿತಸ್ಥಳೆನ್ನುವುದು ಸುಲಭ. ಹಾವು ಬಾರದಿದ್ದರೆ ಇದೇ ಕೆಲಸಕ್ಕೆ ಲೋಕವು ಅವಳನ್ನು ಕರುಣಾಳುವೆಂದು ಹೊಗಳುತ್ತಿತ್ತು. ಯೂರಿಪಿಡೀಸ್ ಕವಿಯು ಇವಳ ಹೆಸರಿನಲ್ಲಿಯೇ ಒಂದು ನಾಟಕವನ್ನು ಬರೆದನು. ಅದು ತುಣುಕುತುಣುಕಾಗಿ ಮಾತ್ರ ಉಳಿದುಬಂದಿದೆ. ಅದರಲ್ಲಿ ಮಗನನ್ನು ಕಳೆದುಕೊಂಡ ರಾಣಿಯು ಅವಳಿಗೆ ಮರಣವನ್ನು ವಿಧಿಸುವಳು, ಆಂಫಿಯರಾಸನು ಅವಳ ಪರವಾಗಿ ಮಾತಾಡಿ ಬಿಡಿಸುವನು. ನೀರನ್ನು ಕುಡಿದವನು ನೀರನ್ನು ತೋರಿಸಿದವಳ ಪಕ್ಷದಲ್ಲಿ ನಿಂತನು. ಕಣಿವೆಯಲ್ಲಿ ಇಷ್ಟೊಂದು ಕಲ್ಲುಗಳಿದ್ದರೂ ಅವಳ ಪಾಲಿಗೆ ಬಂದುದು ಈ ಹರಿದ ನಾಟಕವೊಂದೇ.

ಗುಡಿಯ ಆಗ್ನೇಯಕ್ಕೆ ಅರ್ಧ ಕಿಲೋಮೀಟರಿನಷ್ಟು ನಡೆದರೆ ಓಟದ ಬಯಲು ಸಿಕ್ಕುವುದು. ಆರುನೂರು ಹಳೆಯ ಅಡಿಗಳ ಉದ್ದದ ಹಾದಿ, ಬದಿಯಲ್ಲಿ ನೀರಿನ ಕಲ್ಲುಕಾಲುವೆ, ಓಟಗಾರನು ಕಾಲ್ಬೆರಳನ್ನು ಊರಲು ಗೆರೆ ಕೊರೆದ ಕಲ್ಲು, ಎಲ್ಲವೂ ಇವೆ. ಬಟ್ಟೆಯನ್ನು ಬದಲಿಸುವ ಮನೆಯಿಂದ ಬಯಲಿಗೆ ಬರಲು ಗುಡ್ಡದ ಅಡಿಯಲ್ಲಿ ಮೂವತ್ತಾರು ಮೀಟರು ಉದ್ದದ, ಕಮಾನು ಕಟ್ಟಿದ ಒಂದು ಸುರಂಗವುಂಟು. ಅಗೆತದವರು 1978ರಲ್ಲಿ ಕಂಡ ಈ ಸುರಂಗದ ಗೋಡೆಗಳ ಮೇಲೆ, ತಮ್ಮ ಸರದಿಯನ್ನು ಕಾಯುತ್ತಿದ್ದ ಯುವಕರು ಗೀಚಿದ ಬರಹಗಳಿವೆ. ಟೆಲೆಸ್ಟಾಸ್ ಎಂದು ಒಂದು ಹೆಸರು. ಅಕ್ರೊಟಾಟಸನು ಚೆಲುವನು ಎಂದು ಒಬ್ಬನು ಬರೆದರೆ, ಬರೆದವನ ಕಣ್ಣಿಗೆ ಎಂಬಂತೆ ಮತ್ತೊಬ್ಬನು ಅದರ ಕೆಳಗೆ ಚುಚ್ಚಿರುವನು. ಸತ್ತ ಕೂಸನ್ನು ನೆನೆದು ಯಾರೂ ಏನನ್ನೂ ಗೀಚಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ, ಕೊರಗತಕ್ಕುದೂ ಇಲ್ಲ. ಹದಿನೆಂಟರ ಹುಡುಗನಿಗೆ ಸೂತಕವನ್ನು ಹೊರಿಸದಿರುವುದಕ್ಕಾಗಿಯೇ ಕಪ್ಪುಬಟ್ಟೆಯವರು ಇದ್ದುದು.

ಕ್ರಿ.ಪೂ. 271ರಲ್ಲಿ ಆಟಗಳು ಆರ್ಗಾಸ್ ನಗರಕ್ಕೆ ಹೋಗಿಬಿಟ್ಟುವು. 1994ರಲ್ಲಿ ಒಂದು ಸಂಘವು ಹುಟ್ಟಿ, 1996ರ ಜೂನ್ ಮೊದಲನೆಯ ದಿನ ಅದೇ ಬಯಲಿನಲ್ಲಿ ಮತ್ತೆ ಓಟವು ನಡೆಯಿತು. ಅಭ್ಯಾಸವಿದ್ದವರು ಇಲ್ಲದವರೆಂಬ ಭೇದವಿಲ್ಲದೆ ಮುದುಕರು, ಹೆಂಗಸರು, ಮಕ್ಕಳು, ಪರದೇಶದವರು ಬಿಳಿಯ ಅಂಗಿಯನ್ನು ತೊಟ್ಟು ಬರಿಗಾಲಿನಲ್ಲಿ ಓಡುವರು. ತೀರ್ಪುಗಾರರದು ಈಗಲೂ ಕಪ್ಪು ಬಟ್ಟೆಯೇ. ಇದನ್ನು ವೇಷವೆಂದು ನಗುವವರು ನಗಬಹುದು. ಆದರೆ ಎತ್ತಿದ ಕಂಬವನ್ನು ದೂರದಿಂದ ನೋಡಬಹುದು ಅಷ್ಟೆ. ಎತ್ತಿದ ಓಟದಲ್ಲಿ ಓಡಬಹುದು, ಕಾಲ್ಬೆರಳಿಗೆ ಆ ಗೆರೆಯ ತಣ್ಪು ತಗಲುತ್ತದೆ.

ಮಧ್ಯಾಹ್ನದ ಮೇಲೆ ಬಿಸಿಲು ಏರಿದಾಗ ಪ್ರವಾಸಿಗಳು ದ್ರಾಕ್ಷಾರಸದ ಮನೆಗಳ ಕಡೆಗೆ ಹೊರಡುವರು. ಮದ್ಯದ ಹೆಸರನ್ನೆತ್ತಿದರೆ ಮುಖವನ್ನು ತಿರುಗಿಸುವ ವಾಚಕರು ಇಲ್ಲಿಗೆ ನಿಲ್ಲಿಸಬೇಕಾಗಿಲ್ಲ. ಕುಡಿಯದವನಿಗೂ ನೆಲಮಾಳಿಗೆಯಲ್ಲಿ ನೋಡತಕ್ಕುದು ಬಹಳ ಇದೆ, ಸವಿ ನೋಡುವವರಲ್ಲಿಯೂ ಬಹು ಮಂದಿ ಬಾಯಲ್ಲಿ ಹೊರಳಿಸಿ ಉಗುಳುವರು. ಈ ಕಣಿವೆಯ ಹಣ್ಣು ಆಯೋರ್ಗೀಟಿಕೊ ಎಂಬ ಕರಿಯ ದ್ರಾಕ್ಷಿ. ಹೆಸರು ಸೇಂಟ್ ಜಾರ್ಜನಿಂದ ಬಂದುದು. ಈಗಿನ ನೆಮೆಯಾ ಪಟ್ಟಣವು ಹಿಂದೆ ಆ ಸಂತನ ಹೆಸರಿನ ಹಳ್ಳಿಯಾಗಿತ್ತು. ಸೆಪ್ಟೆಂಬರಿನಲ್ಲಿ ಹೋದವನು ಗಾಡಿಗಟ್ಟಲೆ ಹಣ್ಣು ಬರುವುದನ್ನೂ, ಹಿಂಡಿದ ರಸವು ಸಿಪ್ಪೆಯ ಬಣ್ಣವನ್ನು ಹೀರುತ್ತ ತೊಟ್ಟಿಯಲ್ಲಿ ಉಕ್ಕುವುದನ್ನೂ ನೋಡುವನು. ಅನಂತರ ಅದು ತಣ್ಣಗಿನ ಕತ್ತಲೆಯಲ್ಲಿ, ಓಕ್ ಮರದ ಪೀಪಾಯಿಗಳಲ್ಲಿ, ತಿಂಗಳುಗಟ್ಟಲೆ ಕಾದಿರುವುದು. ಮಡ್ಡಿಯು ತಳಕ್ಕೆ ಇಳಿಯುವುದು, ಒಗರು ಮೆತ್ತಗಾಗುವುದು. 1971ರಿಂದ ನೆಮೆಯಾ ಎಂಬ ಹೆಸರಿಗೆ ಕಾನೂನಿನ ಕಾಪು ಇದೆ: ಈ ಸೀಮೆಯಲ್ಲಿ ಬೆಳೆದ ಈ ಒಂದೇ ಹಣ್ಣಿನ ಕೆಂಪು ರಸವಲ್ಲದೆ ಬೇರೊಂದಕ್ಕೆ ಆ ಹೆಸರನ್ನು ಹಚ್ಚಕೂಡದು.

ಅಂಗಡಿಯ ಮಾತು ಇಷ್ಟಕ್ಕೆ ನಿಲ್ಲುವುದಿಲ್ಲ. ಇದು ಹೆರಾಕ್ಲೀಸನ ರಕ್ತ, ಸಿಂಹದೊಡನೆ ಹೋರಾಡಿದಾಗ ಅವನು ಕುಡಿದ ರಸವು ಇದೇ ಎಂದು ಮಾರುವವರು ಹೇಳುವರು. ಕಂಬಕ್ಕೆ ಸೇರಿಸಿದ ಹೊಸ ಕಲ್ಲನ್ನು ಹೊಸದೆಂದು ತೋರಿಸುವ ನಿಯಮವು ಸೀಸೆಯ ಮೇಲಿನ ಕಥೆಗೆ ಇಲ್ಲ. ಆದರೆ ಈ ಕಥೆಗಿಂತ ದೊಡ್ಡದಾದ ಒಂದು ನಿಜವು ತೋಟದಲ್ಲಿಯೇ ಇದೆ, ಅದನ್ನು ಯಾರೂ ಕೂಗಿ ಹೇಳುವುದಿಲ್ಲ. ದ್ರಾಕ್ಷಿಯನ್ನು ಬೀಜದಿಂದ ಬೆಳೆಸುವುದಿಲ್ಲ; ಬೀಜದಿಂದ ಎದ್ದ ಗಿಡವು ತಾಯಿಯಂತೆ ಇರುವುದಿಲ್ಲ. ಬಳ್ಳಿಯ ಒಂದು ಕಡ್ಡಿಯನ್ನು ಕಡಿದು ನೆಡುವರು, ಅಥವಾ ಬೇರೆ ಬೇರಿನ ಮೇಲೆ ಕಸಿ ಕಟ್ಟುವರು. ಆ ಕಡ್ಡಿಯು ಬಳ್ಳಿಯಾಗಿ, ಮುದಿಯಾಗಿ, ಅದರಿಂದ ಮತ್ತೊಂದು ಕಡ್ಡಿ. ಹೀಗೆ ಇಂದು ಫಲ ಕೊಡುವ ಬಳ್ಳಿಯು ಮುತ್ತಜ್ಜನು ನೆಟ್ಟ ಬಳ್ಳಿಯ ಮಗಳಲ್ಲ, ಆ ಬಳ್ಳಿಯೇ. ಆದರೂ ಅದರಲ್ಲಿ ಹಳೆಯ ಕಟ್ಟಿಗೆಯ ಒಂದು ಎಳೆಯೂ ಇಲ್ಲ.

ಥೀಸಿಯಸನ ಹಡಗಿನ ವಿಷಯವಾಗಿ ಪ್ಲುಟಾರ್ಕನು ಹೇಳಿದ ಪ್ರಸಂಗವು ಇಲ್ಲಿ ನೆನಪಿಗೆ ಬರುವುದು. ಆಥೆನ್ಸಿನವರು ಆ ಹಡಗನ್ನು ಕಾಪಾಡಿಕೊಂಡು, ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆಯನ್ನು ಹೊಡೆಯುತ್ತ ಬಂದರು. ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸಿದರು. ತತ್ತ್ವಜ್ಞರು ದ್ರಾಕ್ಷಿತೋಟದ ಒಬ್ಬ ರೈತನನ್ನು ಕೇಳಿದ್ದರೆ ಅವನು ವಾದಿಸದೆ ನಕ್ಕುಬಿಡುತ್ತಿದ್ದನು. ಹಡಗನ್ನು ಸ್ಮಾರಕವೆಂದು ಕಾಪಾಡಿದುದರಿಂದಲೇ ಆ ಪ್ರಶ್ನೆಯು ಹುಟ್ಟಿತು. ಪ್ರತಿ ವರ್ಷ ಕಾಯಿ ಕೊಡುವ ಬಳ್ಳಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ವಸ್ತುವು ಉಳಿದು ಕೆಲಸವು ಹೋದುದು ಗುಡಿ. ಕೆಲಸವು ಉಳಿದು ವಸ್ತುವು ಹೋದುದು ಬಳ್ಳಿ.

ಹಾಗಾದರೆ ಬಳ್ಳಿಯ ದಾರಿಯೇ ಮೇಲೆಂದು ತೀರ್ಮಾನಿಸಬಹುದೇ? ಅಷ್ಟು ಬೇಗ ಆಗದು. ಕಡ್ಡಿಯು ತಾಯಿಯ ಗುಣವನ್ನು ಹೊತ್ತಂತೆ ತಾಯಿಯ ರೋಗವನ್ನೂ ಹೊತ್ತು ತರುತ್ತದೆ. ಬಳ್ಳಿಯನ್ನು ಹತ್ತುವ ವೈರಸ್ ರೋಗಗಳು ಕಡ್ಡಿಯಿಂದ ಕಡ್ಡಿಗೆ ಹರಿದು ಬರುವುವು; ರೋಗವಿಲ್ಲದ ಕಡ್ಡಿಯನ್ನು ಆರಿಸಿ ನೆಡಬೇಕಾದರೆ ಹಳೆಯ ತೋಟವನ್ನು ಬೇರುಸಹಿತ ಕಿತ್ತುಹಾಕಬೇಕು. ಅಜ್ಜನು ಸವರಿದ, ಮೊಣಕಾಲೆತ್ತರದ, ಗಂಟುಗಂಟಾದ ಆ ಮೋಟುಗಳಿಗೆ ಮೊಮ್ಮಗನು ಗುದ್ದಲಿಯನ್ನು ಹಾಕುವಾಗ ಅವನ ಮನಸ್ಸಿನಲ್ಲಿ ನಡೆಯುವುದೂ ರಸ್ಕಿನ್ನನ ವಾದವೇ, ಪುಸ್ತಕದ ಮಾತುಗಳಿಲ್ಲದೆ. ಗುಡಿಯನ್ನು ಎತ್ತಿದವರು ತಪ್ಪಿದರೆ ಕಂಬವನ್ನು ಬಿಚ್ಚಿ ಇಳಿಸಬಹುದು. ಕಿತ್ತ ಬಳ್ಳಿಯನ್ನು ಮರಳಿ ನೆಡಲಾಗದು. ಜನರು ಕಲ್ಲನ್ನು ಕುರಿತು ನಿಬಂಧನೆಗಳನ್ನು ಬರೆದು, ತೋಟವನ್ನು ಒಬ್ಬೊಬ್ಬ ರೈತನ ಒಬ್ಬಂಟಿ ನಿರ್ಧಾರಕ್ಕೆ ಬಿಟ್ಟಿರುವರು. ಎರಡರಲ್ಲಿ ಹೆಚ್ಚು ಭಾರವಾದ ನಿರ್ಧಾರವು ರೈತನದೇ ಇರಬಹುದು. ಅವನಿಗೆ ಅದನ್ನು ಮುಂದಕ್ಕೆ ಹಾಕುವ ಅನುಕೂಲವೂ ಇಲ್ಲ. ಕಡ್ಡಿಯನ್ನು ನೆಟ್ಟ ಮೂರನೆಯ ವರ್ಷಕ್ಕೆ ಮೊದಲ ಫಲ. ಪೀಪಾಯಿಗೆ ಹಾಕತಕ್ಕಂತಹ ಹಣ್ಣು ಬರಬೇಕಾದರೆ ಇನ್ನೂ ಕೆಲವು ವರ್ಷಗಳು. ಅದರ ಒಳ್ಳೆಯ ಸೀಸೆಯನ್ನು ತೆರೆಯುವವನು ಅವನ ಮಗನಾಗಬಹುದು.

ಸಂಜೆಯ ಹೊತ್ತಿಗೆ ಹಿಂದಿರುಗುವವರ ಬಂಡಿಗಳು ಮತ್ತೆ ಗುಡಿಯ ಬೇಲಿಯ ಪಕ್ಕದಿಂದಲೇ ಹಾದುಹೋಗುತ್ತವೆ. ಒಂಬತ್ತು ಕಂಬಗಳ ನೆರಳು ಉದ್ದವಾಗಿ ತೋಟದ ಕಡೆಗೆ ಚಾಚಿರುತ್ತದೆ. ಇನ್ನೂ ಎತ್ತದ ದಿಂಡುಗಳು ಹುಲ್ಲಿನಲ್ಲಿ ಬಿದ್ದಿವೆ. ಹಗಲಿನ ಬಿಸಿಯು ಕಲ್ಲಿನಿಂದ ಆರುವವರೆಗೆ ಹಲ್ಲಿಗಳು ಅವುಗಳ ಮೇಲೆ ಮಲಗಿರುತ್ತವೆ.